ಮೂರನೇ ಬರ್ನರು

ಭದ್ರಾವತಿಯ ಕಾರ್ಖಾನೆ ಕ್ಲಬ್ಬಿನ ಹರಾಜಿನಲ್ಲಿ
ಬಿಲಿಯರ್ಡ್ಸ್ ಮೇಜಿಗೆ ಏಳು ಜನ ಕೂಗಿದರು,
ಈ ಗ್ಯಾಸ್ ಗ್ರಿಲ್ಲಿಗೆ ನಾನೊಬ್ಬನೇ.
ಎರಡು ಸಾವಿರದ ಇನ್ನೂರು. ಒಂದು ಚಕ್ರ ಇಲ್ಲ.
ಸೇತುವೆ ಮೇಲೆ ಕುಂಟಿಸಿಕೊಂಡು ತರುವಾಗ
ಸಿಕ್ಕಿದವರೆಲ್ಲ ಕೇಳಿದರು: ಏನಿದು, ಇಸ್ತ್ರಿ ಗಾಡಿಯಾ?

ಅಂಜಲೈ ಬಾಗಿಲಲ್ಲೇ ನಿಂತು ಅಂದಳು:
ಮೂವತ್ತೊಂದು ವರ್ಷ ಕುಲುಮೆ ಮುಂದೆ ಬೆಂದದ್ದು ಸಾಲಲಿಲ್ಲವಾ?

ಮೊದಲ ಸಂಜೆ ಪೈಪಿಗೆ ಸೋಪಿನ ನೀರು ಸವರಿದೆ.
ರೆಗ್ಯುಲೇಟರಿನ ಕುತ್ತಿಗೆಯಲ್ಲಿ ಒಂದೇ ಒಂದು ಗುಳ್ಳೆ,
ಹಸುಗೂಸಿನ ಜೊಲ್ಲಿನ ಹಾಗೆ
ಉಬ್ಬಿತು, ಯೋಚಿಸಿತು, ಒಡೆಯಿತು.
ವಾಷರು ಬದಲಿಸಿದೆ.
ಮುಚ್ಚಳ ತೆರೆದಿಟ್ಟೇ ಹಚ್ಚಬೇಕು.
ಮುಚ್ಚಿ ಹಚ್ಚಿದವನ ಹುಬ್ಬು ನಾನು ನೋಡಿದ್ದೇನೆ,
ಅಂದರೆ, ಹುಬ್ಬು ಇರಬೇಕಾದ ಜಾಗ.

ಎರಡು ಬರ್ನರು ನೀಲಿಯಾಗಿ ಹೊತ್ತಿದವು.
ಮೂರನೆಯದು ಮಾತಾಡಲಿಲ್ಲ.
ಬಿಚ್ಚಿ ನೋಡಿದರೆ ಕೊಳವೆಯೊಳಗೆ ಜೇಡ,
ಬಿಳಿ ಚೀಲದಲ್ಲಿ ಮೊಟ್ಟೆ ಕಟ್ಟಿಕೊಂಡು
ನೌಕರಿ ಖಾಯಂ ಆದವರ ಹಾಗೆ ಕೂತಿತ್ತು.
ಕೊಳವೆ ಸಮೇತ ಕಾಂಪೌಂಡಿನ ಮೇಲಿಟ್ಟೆ.
ಆ ವಾಲ್ವಿಗೆ ಬೂಚು ಬಿಗಿದೆ,
ಗುಂಡಿ ಕಿತ್ತು ಜೇಬಿಗೆ ಹಾಕಿಕೊಂಡೆ.

ಮುಚ್ಚಳದ ಥರ್ಮಾಮೀಟರು ಇನ್ನೂರು ಅನ್ನುತ್ತದೆ.
ಇನ್ನೂರು ಎಲ್ಲಿ? ಮುಚ್ಚಳದಲ್ಲಿ.
ಜಾಲರಿಯ ಮೇಲೆ ಎಷ್ಟೆಂದು ಅದಕ್ಕೇನು ಗೊತ್ತು?
ಆಫೀಸಿನ ಗಾಜಿನ ಕೋಣೆಯಲ್ಲೂ ಇಂಥದ್ದೊಂದಿತ್ತು;
ಅದು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ,
ಬರೆದದ್ದನ್ನು ನಂಬಲು ಇಬ್ಬರು.
ನಾವು ನೀಲಿ ಗಾಜಿನಲ್ಲಿ ಇಣುಕಿ
ಬರೀ ಬಣ್ಣ ಕೂಗುತ್ತಿದ್ದೆವು:
ಹಣ್ಣುಮೆಣಸು, ಕಿತ್ತಳೆ, ಮಾಗಿದ ನಿಂಬೆ.
ಈಗ ಜಾಲರಿಯಿಂದ ಗೇಣು ಮೇಲೆ ಅಂಗೈ ಹಿಡಿಯುತ್ತೇನೆ.
ಮೂರು ಎಣಿಸುವಷ್ಟರಲ್ಲಿ ಕೈ ತಾನೇ ಹಿಂದೆ ಬಂದರೆ
ಕೋಳಿಯ ಚರ್ಮ ಗರಿಗರಿ.
ಏಳರ ತನಕ ತಡೆದರೆ ಬದನೆಕಾಯಿ.

ಮಿಕ್ಕ ಸಾಮಾನು ಊರೇ ಕೊಟ್ಟಿತು.
ಈರಾಚಾರಿಯ ಉಜ್ಜುಗೊರಡಿನಿಂದ
ಹಲಸಿನ ಸುರುಳಿ ಒಂದು ಚೀಲ;
ಬಿಸ್ಕತ್ತಿನ ಡಬ್ಬಕ್ಕೆ ಮೊಳೆಯಲ್ಲಿ ತೂತು ಹೊಡೆದರೆ ಹೊಗೆಪೆಟ್ಟಿಗೆ.
ಕೋಳಿ ತಿರುಗಿಸಲು ದಸ್ತಗೀರ
ಲಾರಿಯ ವೈಪರ್ ಮೋಟಾರು ಲಿಂಕು ಸಮೇತ ಜೋಡಿಸಿದ.
ಕೋಳಿ ಅರ್ಧ ಸುತ್ತು ಹೋಗಿ ವಾಪಸ್ಸು ಬರುತ್ತದೆ,
ಮೋಟಾರು ಇನ್ನೂ ಗಾಜು ಒರೆಸುತ್ತಿದೆ.
ತಂತಿ ಬ್ರಷ್ಷು ಮಾತ್ರ ಬಿಸಾಡಿದೆ:
ಅದರ ಒಂದು ಎಳೆ ಅಂಜಲೈಯ ಹಲ್ಲಿಗೆ ಸಿಕ್ಕಿತ್ತು,
ವಿಚಾರಣೆ ಇನ್ನೂ ಮುಗಿದಿಲ್ಲ.
ಈಗ ಅರ್ಧ ಈರುಳ್ಳಿ, ಮುಳ್ಳುಚಮಚಕ್ಕೆ ಚುಚ್ಚಿ,
ಜಾಲರಿ ಕಾದಿರುವಾಗಲೇ ಉಜ್ಜುವುದು.

ಭಾನುವಾರ ಲಕ್ಕವಳ್ಳಿ ಕಡೆಯಿಂದ ಕಾಟ್ಲಾ ಬಂತು.
ಸೂಜಿಮೆಣಸು, ವಾಟೆಹುಳಿ ಪುಡಿ, ಉಪ್ಪು,
ಅರಿಶಿನದ ಎಲೆಯಲ್ಲಿ ಸುತ್ತಿದೆ.
ಉರಿಯ ಮೇಲಿಟ್ಟರೆ ಎಲೆ ಕರಕು, ಮೀನು ಹಸಿ.
ಬರ್ನರೇ ಇಲ್ಲದ ಮೂರನೇ ಜಾಗದಲ್ಲಿಟ್ಟೆ.
ಮುಚ್ಚಿದೆ.
ಇಪ್ಪತ್ತೈದು ನಿಮಿಷ ತೆರೆಯದೆ ಕೂರುವುದು,
ನಿವೃತ್ತನಿಗೂ ಅದು ಕಷ್ಟದ ಕೆಲಸ.
ಪಕ್ಕದ ಉರಿ ಮುಚ್ಚಳಕ್ಕೆ ಬಡಿದು ಬಳಸಿ ಬಂದು
ಎಲೆಯೊಳಗಿನ ಮೀನನ್ನು ಮೆಲ್ಲಗೆ ಮುಟ್ಟಿತು.
ಮುಳ್ಳಿನಿಂದ ಮಾಂಸ ತಾನಾಗಿ ಬಿಟ್ಟಿತು,
ಬಾಲದ ತನಕ ಹಲಸಿನ ಹೊಗೆ.

ಅಂಜಲೈ ತಿಂದಳು. ಇನ್ನೊಂದು ತುಂಡು ತಗೊಂಡಳು.
ಉಪ್ಪು ಸಾಲದು, ಅಂದಳು.

ಮೊದಲು ಸಿಲಿಂಡರಿನ ಬಾಯಿ ಮುಚ್ಚಬೇಕು, ಆಮೇಲೆ ಗುಂಡಿ.
ಪೈಪಿನಲ್ಲಿ ಉಳಿದದ್ದು ಉರಿದು ಮುಗಿಯಲಿ.
ಕೆಳಗಿನ ಜಿಡ್ಡಿನ ತಟ್ಟೆ ಎಳೆಯುವ ಸದ್ದು
ಬೀದಿಯ ನಾಯಿಗೆ ಬಾಯಿಪಾಠ.

ಹೋದ ವಾರ ಕಾಂಪೌಂಡಿನ ಮೇಲಿನ ಕೊಳವೆಯಿಂದ
ಮರಿಗಳು ಹೊರಟವು, ಒಂದೊಂದು ಎಳೆಗೆ ಒಂದೊಂದು,
ಗಾಳಿ ಒಯ್ದ ಕಡೆ.
ಕೊಳವೆ ಊದಿ, ಕಣ್ಣಿಗೆ ಹಿಡಿದು ನೋಡಿದೆ:
ಆಚೆ ತುದಿಯಲ್ಲಿ ದಸ್ತಗೀರನ ಗ್ಯಾರೇಜು, ದುಂಡಗೆ.
ಈಗ ಜೋಡಿಸಬಹುದು.

ಜೋಡಿಸಿಲ್ಲ. ಮೀನು ಎಲ್ಲಿಡಲಿ ಮತ್ತೆ?
ಜೋಡಿಸಿ ಹಚ್ಚದೆ ಬಿಡಿ, ಅನ್ನುತ್ತಾಳೆ ಅಂಜಲೈ.
ಗುಂಡಿ ಇದ್ದರೆ ಈ ಕೈ ಸುಮ್ಮನಿರಬೇಕಲ್ಲ.