ಸುಣ್ಣದ ಗೂಡು

ದಿನಕ್ಕೆ ಮೂರು ಬುಟ್ಟಿ.
ಗಂಟೆ ಹೊಡೆಯುವುದರೊಳಗೆ ಮೂರೂ ತುಂಬದಿದ್ದರೆ
ಶನಿವಾರದ ಹಿಟ್ಟಿನಲ್ಲಿ ಒಂದು ಹಿಡಿ ಕಡಿತ.
ಚಿಪ್ಪು ಆರಿಸುವುದು ಹೆಂಗಸರ ಕೆಲಸವೆಂದು
ಯಾರೋ ಹಡಗಿನಲ್ಲೇ ಬರೆದಿಟ್ಟುಕೊಂಡು ಬಂದಿದ್ದರು.

ನಾನು ತಾಮ್ಸಿನ್ ರಡ್ಜ್.
ಒಂಬತ್ತು ಗಜ ಹೂವಿನ ಚೀಟಿಬಟ್ಟೆಗೆ ಏಳು ವರ್ಷ.
ಗಜಕ್ಕೆ ಎಷ್ಟು ತಿಂಗಳಾಯಿತು ಅಂತ
ಹಡಗಿನ ಹೊಟ್ಟೆಯ ಕತ್ತಲಲ್ಲಿ ಲೆಕ್ಕ ಹಾಕಿದೆ,
ಪ್ರತಿಸಲ ಬೇರೆ ಉತ್ತರ ಬಂದು ಬಿಟ್ಟುಬಿಟ್ಟೆ.

ಈ ನೆಲದಲ್ಲಿ ಸುಣ್ಣಕಲ್ಲಿಲ್ಲ.
ಇಟ್ಟಿಗೆಯುಂಟು, ಇಟ್ಟಿಗೆ ಹಿಡಿಸುವ ಗಾರೆಯಿಲ್ಲ.
ಬರೀ ಮಣ್ಣಲ್ಲಿ ಕಟ್ಟಿದ ಗೋಡೆ ಮಳೆಯ ರಾತ್ರಿ
ದನಿಯಿಲ್ಲದೆ ಕೂತುಬಿಡುತ್ತಿತ್ತು, ಮುದಿ ಹಸುವಿನ ಹಾಗೆ.

ಕೊಲ್ಲಿಯ ಅಂಚಿಗೆ ಚಿಪ್ಪಿನ ದಿಬ್ಬ, ಎರಡಾಳೆತ್ತರ.
ಸಮುದ್ರ ತಂದು ಸುರಿದದ್ದು ಅಂದ ಮೇಸ್ತ್ರಿ ಸ್ಪರ್ಲಿಂಗ್.
ಸಮುದ್ರಕ್ಕೆ ಒಲೆ ಹೂಡಲು ಬರುತ್ತದೆಯೇ?
ಪದರ ಪದರ ಬೂದಿ, ಇದ್ದಿಲು, ಮೀನಿನ ಮುಳ್ಳು,
ಮತ್ತೆ ಬೂದಿ.
ಕೆದಕಿದಷ್ಟೂ
ಯಾರದೋ ಅಡುಗೆಮನೆಗೆ ಹೇಳದೆ ನುಗ್ಗಿದ ಹಾಗೆ.

ತೊಗಟೆಯ ದೋಣಿಯಲ್ಲಿ ಅವಳು ಬರುತ್ತಿದ್ದಳು.
ದೋಣಿಯ ನಡುವೆ ಜೇಡಿಮಣ್ಣಿನ ಮೇಲೆ ಅಂಗೈಯಷ್ಟು ಬೆಂಕಿ,
ಮಡಿಲಲ್ಲಿ ಮಗು, ನೀರಿಗೆ ಇಳಿಬಿಟ್ಟ ದಾರ.
ಎಡಗೈ ಕಿರುಬೆರಳಿಗೆ ಎರಡು ಗೆಣ್ಣಿಲ್ಲ.
ಕದ್ದಿದ್ದಕ್ಕೆ ಕತ್ತರಿಸಿರಬೇಕು ಅಂದುಕೊಂಡೆ;
ನಮ್ಮೂರಿನ ಬುದ್ಧಿ ಅಷ್ಟೇ ದೂರ ಹೋಗುತ್ತಿತ್ತು.
ಹಾಡುತ್ತ ಮೀನು ಹಿಡಿಯುವಳು.
ನಮ್ಮನ್ನು ಕಂಡರೆ ಹಾಡು ನಿಲ್ಲುತ್ತಿತ್ತು,
ದಾರ ನಿಲ್ಲುತ್ತಿರಲಿಲ್ಲ.

ಗೂಡು ಜಬೆಜ್ ಕ್ರೌಲನದು.
ಒಂದು ಪದರ ಕಟ್ಟಿಗೆ, ಒಂದು ಪದರ ಚಿಪ್ಪು, ಎರಡು ರಾತ್ರಿ ಬೆಂಕಿ.
ಸುಟ್ಟು ಸುಣ್ಣವಾದದ್ದಕ್ಕೆ ನೀರು ಹೊಯ್ದರೆ
ತಣಿಯುವುದಿಲ್ಲ, ಕುದಿಯುತ್ತದೆ.
ಒಮ್ಮೆ ಸಿಡಿದು ಅವನ ಎಡಗಣ್ಣಿಗೆ ಬಿತ್ತು.
ವೈದ್ಯ ಬೇಟೆಗೆ ಹೋಗಿದ್ದ.
ನನ್ನ ವಾರದ ಪಾಲಿನ ಬೆಣ್ಣೆಯಿತ್ತು,
ಎರಡು ಸಾಗರ ದಾಟಿ ಹಳದಿ ಹೋಗಿ ನಾರುತ್ತಿದ್ದದ್ದು.
ಅದನ್ನೇ ಮೆತ್ತಿದೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ,
ಅವನಿಗೆ ಎರಡೂ ಒಂದೇ ಕಣ್ಣಿಗೆ.
ಕಣ್ಣು ಉಳಿಯಲಿಲ್ಲ. ಬೆಣ್ಣೆಯೂ ಹೋಯಿತು.

ಮರುವರ್ಷ ಸಿಡುಬು ಬಂತು. ನಮಗಲ್ಲ.
ಬಂಡೆಗಳ ಸಂದಿಯಲ್ಲಿ, ಅಲೆ ಮುಟ್ಟುವ ಮರಳಲ್ಲಿ,
ಉರಿ ತಾಳದೆ ನೀರಿನ ಕಡೆಗೆ ತೆವಳಿದವರು.
ದೋಣಿ ಮತ್ತೆ ಬರಲಿಲ್ಲ.
ಬುಟ್ಟಿ ಮೂರೇ.

ದಿಬ್ಬ ಅರ್ಧ ತಗ್ಗಿದ ಮೇಲೆ ಒಂದು ಸಂಜೆ
ಬೆರಳಿಗೆ ಸಿಕ್ಕಿತು ಬಿದಿಗೆ ಚಂದ್ರನಂಥ ಗಾಳ.
ಚಿಪ್ಪನ್ನೇ ತೇದು ತೇದು ಬಾಗಿಸಿದ್ದು, ಒಳಮೈ ಇನ್ನೂ ಹೊಳೆಯುತ್ತಿತ್ತು.
ಲಂಗದ ಅಂಚಿಗೆ ಸಿಕ್ಕಿಸಿಕೊಂಡೆ.
ಅದರ ಕೆಳಗೇ ಇತ್ತು ಒಂದು ಕೈ.
ಚಿಕ್ಕದು. ಗುಬ್ಬಿಯ ರೆಕ್ಕೆಯಷ್ಟು ಹಗುರ
ಅಂತ ಹೇಳಿಬಿಡಬಹುದು; ನಾನು ತೂಗಲಿಲ್ಲ.
ಮೂರನೆಯ ಬುಟ್ಟಿ ಮುಕ್ಕಾಲು ತುಂಬಿತ್ತು.
ಸ್ಪರ್ಲಿಂಗ್ ಗಂಟೆಯ ಹಗ್ಗಕ್ಕೆ ಕೈ ಹಾಕಿದ್ದ.

ಹೂತುಬಿಟ್ಟೆ ಎಂದು ಡಾರ್ಕಸ್‌ಗೆ ಹೇಳಿದ್ದೇನೆ.
ಪಾದ್ರಿಗೂ ಹಾಗೇ ಹೇಳಿದ್ದೇನೆ.

ಈಗ ನಾನು ಶಿಕ್ಷೆ ಮುಗಿದ ಹೆಂಗಸು.
ಉಗ್ರಾಣದ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಕೆಲಸ ನನ್ನದೇ,
ಎರಡು ಶಿಲಿಂಗು, ಒಂದು ಲೋಟ ರಮ್ಮು.
ಬಡಗಣ ಬಿಸಿಗಾಳಿ ಬೀಸಿದರೆ
ಒಂದು ಕಡೆ ಗಾರೆ ಉಬ್ಬಿ ಉದುರುತ್ತದೆ,
ಯಾವಾಗಲೂ ಅದೇ ಕಡೆ, ಮಕ್ಕಳ ಎತ್ತರಕ್ಕೆ.
ಉಪ್ಪು ಅನ್ನುತ್ತಾನೆ ಕ್ರೌಲ್, ಇರುವ ಕಣ್ಣನ್ನು ಹತ್ತಿರ ತಂದು;
ಚಿಪ್ಪು ಸರಿಯಾಗಿ ತೊಳೆಯದಿದ್ದರೆ ಹೀಗೇ.
ಹೌದು ಅನ್ನುತ್ತೇನೆ.
ಬುರುಸು ಅದ್ದುತ್ತೇನೆ.
ಹಸಿಯಿದ್ದಾಗ ಸುಣ್ಣ ಕಾಣುವುದೇ ಇಲ್ಲ, ಬರೀ ನೀರು;
ಬೆಳ್ಳಗಾಗುವುದು ಆಮೇಲೆ,
ನಾನು ಬಕೆಟ್ಟು ಎತ್ತಿಕೊಂಡು ಮನೆಗೆ ಹೋದ ಮೇಲೆ.