ತೊಂಬತ್ತಾರರಿಂದ ನೂರಿಪ್ಪತ್ತಕ್ಕೆ

ಕುಟೈಸಿಯ ರೈಲ್ವೆ ಗೋದಾಮಿಗೆ
ಹೊಸ ಪರದೆ ಬಂದ ದಿನ
ಅಕ್ಷರಗಳೆಲ್ಲ ಇರುವೆಯಾದವು.
ಯಂತ್ರ ಮಾತ್ರ ಅದೇ, ಹದಿನೈದು ವರ್ಷದ್ದು,
ಹೊತ್ತಿಸಿದರೆ ಮೊದಲು ಕೆಮ್ಮುವಂಥದ್ದು.

ನತೆಲಾ ಮೂಗು ತಾಗಿಸಿ ಓದಿದಳು:
ಸಕ್ಕರೆ ಚೀಲ ಮುನ್ನೂರೋ, ಎಂಟುನೂರೋ?

‘ರೆಸಲ್ಯೂಷನ್ ಇಳಿಸಿಬಿಡಿ’ ಅಂದ ಜುಂಬೇರ್.
ಇಳಿಸಿದರೆ ದೊಡ್ಡದಾದವು, ನಿಜ,
ಜೇಬಲ್ಲೇ ಒಗೆದುಹೋದ ರಸೀದಿಯ ಹಾಗೆ.

ಮತ್ತೆ ಏರಿಸಿದ. ಮೂರು ಕಿಟಕಿಗಳ ಹಿಂದೆ
ಅವಿತಿದ್ದ ಒಂದು ಅಂಕಿಯನ್ನು
ಕಿವಿ ಹಿಡಿದು ಎಳೆದು ತಂದ:
ಇಂಚಿಗೆ ತೊಂಬತ್ತಾರು ಚುಕ್ಕೆ.
ನೂರಿಪ್ಪತ್ತು ಮಾಡಿ, ಆರಿಸಿ, ಹೊತ್ತಿಸಿ
ಕೂತರು. ಅದು ಏಳುವಷ್ಟರಲ್ಲಿ
ಎರಡೆರಡು ಲೋಟ ಚಹಾ.

ಬಂದವು.
ಅಂಚು ಹರಿತ, ಹೊಟ್ಟೆ ದುಂಡಗೆ,
ಬಾಲ ಇಳಿಬಿಟ್ಟ ಜಾರ್ಜಿಯನ್ ಅಕ್ಷರಗಳು.
ಚೀಲ ಮುನ್ನೂರೂ ಅಲ್ಲ, ಎಂಟುನೂರೂ ಅಲ್ಲ,
ಆರುನೂರು.

ಲೆಕ್ಕದ ಹಳೇ ಪೆಟ್ಟಿಗೆಯೊಂದು ಮಾತ್ರ
ಹಿಗ್ಗಲು ಒಪ್ಪಲಿಲ್ಲ.
ಒಳಗಿನ ಮಾತು ಉಬ್ಬಿ
‘ಸರಿ’ ಎಂಬ ಗುಂಡಿ ಅಂಚಿನಾಚೆ ಬಿತ್ತು.
‘ಅಲ್ಲೇ ಇದೆ, ಕಾಣೋದಿಲ್ಲ ಅಷ್ಟೆ,
ಎಂಟರ್ ಒತ್ತಿ’ ಅಂದು ಕೋಟು ತೊಟ್ಟ.

ಈಗ ದಿನಕ್ಕೆ ನಲವತ್ತು ಸಲ
ಪರದೆಯ ಮೇಲಿಲ್ಲದ ಸರಿಯೊಂದನ್ನು
ನತೆಲಾ ಒತ್ತುತ್ತಾಳೆ,
ಕನ್ನಡಕ ತೆಗೆದಿಟ್ಟು.