ಅಳತೆ ಪುಸ್ತಕ

ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ನನ್ನ ಅಂಗಡಿ. ಬೋರ್ಡಿಲ್ಲ,
ಮಿಷನ್ನಿನ ಸದ್ದೇ ಗುರುತು.
ಇಪ್ಪತ್ತೆರಡು ವರ್ಷದ ಅಳತೆಗಳೆಲ್ಲ
ಈ ಉದ್ದನೆಯ ಪುಸ್ತಕದಲ್ಲಿವೆ.
ಯಾರು ಬಸಿರಾದರು, ಯಾರು ಸೊರಗಿದರು,
ಇಂಚಿನ ಲೆಕ್ಕದಲ್ಲಿ ಬೀದಿ ನನಗೆ ಗೊತ್ತು.

ಆದರೂ ನಿನ್ನ ಪುಟ ಓದಲು
ಎಂಟು ತಿಂಗಳು ಹಿಡಿಯಿತು, ಬಿಂದುಶ್ರೀ.

ಜೂನ್: ಕಾಲೇಜು ಯೂನಿಫಾರಂ, ಎರಡು ಜೊತೆ.
ತೋಳು ಒಂಬತ್ತು. ಕತ್ತು, ‘ಸ್ವಲ್ಪ ಅಗಲ ಇರಲಿ ಆಂಟಿ, ಸೆಕೆ.’
ಆಗಸ್ಟ್: ಕತ್ತು ಒಂದಿಂಚು ಮೇಲಕ್ಕೆ.
ಅಕ್ಟೋಬರ್: ಪಕ್ಕದ ಸೀಳು ಮುಚ್ಚಿ ಹೊಲಿಯಬೇಕು.
ದೀಪಾವಳಿ ಕಳೆದು ಆ ಹಳದಿ ಟಾಪು ವಾಪಸ್ ಬಂತು,
‘ತಂಗಿಗೆ ಆಗೋ ಹಾಗೆ ಚಿಕ್ಕದು ಮಾಡಿ.
ಅವನಿಗೆ ಹಳದಿ ಆಗಲ್ಲ.’

ಅವನು ಯಾರೆಂದು ನಾನು ಕೇಳಲಿಲ್ಲ.
ಕತ್ತು ಏರಿದ್ದಕ್ಕೆ ಖುಷಿಪಟ್ಟು
‘ಈಗ ನೋಡು, ಲಕ್ಷಣವಾಗಿದ್ದೀಯ’ ಅಂದುಬಿಟ್ಟೆ.
ಆ ಮಾತಿನ ಹೊಲಿಗೆ ಬಿಚ್ಚುವ ಕತ್ತರಿ
ನನ್ನ ಹತ್ತಿರ ಇಲ್ಲ.

ಫೆಬ್ರವರಿ. ಪ್ರಾಕ್ಟಿಕಲ್ಸಿನ ಹಿಂದಿನ ದಿನ.
‘ಎಲ್ಲದಕ್ಕೂ ತುಂಬು ತೋಳು ಇಡಿ, ಮಣಿಕಟ್ಟಿನ ತನಕ.’
ಟೇಪು ಹೆಗಲಿಂದ ಇಳಿದು ರಟ್ಟೆ ಸುತ್ತುವಾಗ
ನೀನು ಉಸಿರು ಕಚ್ಚಿ ಹಿಡಿದೆ.
ನಾಲ್ಕು ಗುರುತು ಹೊರಗೆ, ಒಂದು ಒಳಗೆ.
‘ಬಸ್ಸಿನ ಬಾಗಿಲು’ ಅಂದೆ, ನಾನು ಕೇಳುವ ಮುಂಚೆಯೇ.
ಬಸ್ಸಿನ ಬಾಗಿಲಿಗೆ ಹೆಬ್ಬೆರಳಿರುತ್ತದೆಯೇ, ಮಗಳೇ?

ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಸ್ಟೂಲು ಎಳೆದು ಕೂರಿಸಿದೆ.
ಫೋನು ಗುಂಯ್‌ಗುಟ್ಟಿತು.
‘ಪಾರ್ಕ್ ಗೇಟಲ್ಲಿ ಕಾಯ್ತಿರ್ತಾನೆ. ತಡ ಆದರೆ
ಎಲ್ಲಿದ್ದೀನಿ ಅಂತ ಫೋಟೋ ಕಳಿಸಬೇಕು.
ಕೋಪ ಇಳಿದ ಮೇಲೆ ಅಳ್ತಾನೆ ಆಂಟಿ, ಕಾಲು ಹಿಡೀತಾನೆ.
ಪ್ರೀತಿ ಜಾಸ್ತಿ, ಅದಕ್ಕೇ.’

ಬಾಬಿನ್ನು, ಸೀಮೆಸುಣ್ಣ, ಒಂಟಿ ಗುಂಡಿಗಳ ಡ್ರಾಯರಿನಲ್ಲಿ
ಫೋನಿಟ್ಟು ಮುಚ್ಚಿದೆವು.
ಹನ್ನೊಂದು ಸಲ ಒಳಗೇ ಒದ್ದಾಡಿತು.
ಹನ್ನೆರಡನೆಯದಕ್ಕೆ ನಗಲು ಹೋಗಿ ನೀನು ಅತ್ತುಬಿಟ್ಟೆ.

ಅವನನ್ನು ನಾನು ಬಯ್ಯಲಿಲ್ಲ. ಬಯ್ದಿದ್ದರೆ
ಅವನ ಪರ ವಹಿಸಿ ಎದ್ದು ಹೋಗುತ್ತಿದ್ದೆ ನೀನು, ಗೊತ್ತು.
ಪುಸ್ತಕ ತೆರೆದು ನಿನ್ನ ಪುಟ ತೋರಿಸಿದೆ.
ಜೂನಿನಿಂದ ಓದಿಕೊಂಡು ಬಂದೆ, ಬೆರಳಿಟ್ಟು, ಮೆಲ್ಲಗೆ.
ಈ ಅಳತೆ ನಿನ್ನದಲ್ಲ ಅಂದೆ. ತಪ್ಪೂ ನಿನ್ನದಲ್ಲ.
ಯಾರಿಗೆ ಹೇಳೋಣ, ನೀನೇ ಆರಿಸು, ನಾನು ಜೊತೆಗಿರ್ತೀನಿ.

ಅಮ್ಮ ಬೇಡ. ಅಪ್ಪ ಬೇಡವೇ ಬೇಡ, ಕಾಲೇಜು ಬಿಡಿಸ್ತಾರೆ.
ಬಹಳ ಹೊತ್ತಿನ ಮೇಲೆ ಕೆಮಿಸ್ಟ್ರಿ ಮೇಡಂ ಹೆಸರು ಬಂತು.
ಬಿಲ್ಲಿನ ಹಿಂದೆ ಒಂದು ಸೊನ್ನೆ ಒಂಬತ್ತು ಎಂಟು ಬರೆದೆ,
ಹದಿನೆಂಟು ತುಂಬದವರಿಗೆ, ರಾತ್ರಿಯೂ ಎತ್ತುತ್ತಾರೆ.
ನೀನದನ್ನು ಮಡಚಿ ಮಡಚಿ
ಉಗುರಿನಷ್ಟು ಮಾಡಿ ಪೆನ್ನಿನ ಕ್ಯಾಪಿನೊಳಗೆ ತುರುಕಿದೆ.

ಬೀದಿ ದೀಪ ಹತ್ತಿದ ಮೇಲೆ ಹೊರಟೆ. ಫೋನು ತೆಗೆದುಕೊಂಡೆ.
ಪಾರ್ಕಿನ ಕಡೆ ತಿರುಗಿದೆಯೋ, ಮನೆ ಕಡೆಯೋ,
ತಿರುವಿನಲ್ಲಿ ಆಟೋ ಅಡ್ಡ ಬಂದು ಕಾಣಲಿಲ್ಲ.

ಗುರುವಾರ ಬರ್ತೀನಿ ಅಂದಿದ್ದೀಯ, ಮೇಡಂ ಜೊತೆ.
ನೀನು ಬಿಟ್ಟುಹೋದ ಬಟ್ಟೆ ಒಳಮಗ್ಗುಲು ತಿರುವಿ ನೋಡಿದೆ:
ಎಲ್ಲದರಲ್ಲೂ ಒಂದೂವರೆ ಇಂಚು ಒಳಗೇ ಬಿಟ್ಟಿದ್ದೇನೆ.
ಅಭ್ಯಾಸ. ಬೆಳೆಯೋ ಹುಡುಗಿಯರಿಗೆ ಹಾಗೇ ಹೊಲಿಯೋದು.

ಪುಸ್ತಕದಲ್ಲಿ ಹೊಸ ಸಾಲು:
ಹೆಸರು, ತಾರೀಖು, ಉದ್ದ, ಸೊಂಟ.
ತೋಳಿನ ಎದುರು ಜಾಗ ಬಿಟ್ಟಿದ್ದೇನೆ.